ಕೆನೆಬಣ್ಣದ ಸೀರೆ, ಅರಿಶಿನದ ಕೈ

ಅಥವಾ ಅದು ಎಡಗೈ ಆಗಿತ್ತೇನೋ. ಇಷ್ಟು ದಿನ ಎಲ್ಲರಿಗೂ ಬಲಗೈ ಎಂದೇ ಹೇಳಿಕೊಂಡು ಬಂದಿದ್ದೇನೆ. ನವಿಲುಬಣ್ಣದ ಸೀರೆಗೆ ಕುಚ್ಚು ಕಟ್ಟುತ್ತಿದ್ದೆ, ಬಲಗೈಯ ತೋರುಬೆರಳು ತುದಿಯಲ್ಲಿ ಬಿರಿದಿತ್ತು, ರೇಷ್ಮೆಯ ಎಳೆ ಆ ಬಿರುಕಿಗೆ ಸಿಕ್ಕಿಕೊಂಡು ಕಿತ್ತುಬಂತು, ಎಲ್ಲ ಶುರುವಾದದ್ದು ಆವತ್ತೇ, ಹೀಗೆ. ಹೇಳಿ ಹೇಳಿ ಆ ಕಥೆಗೆ ಒಂದು ನಯ ಬಂದುಬಿಟ್ಟಿದೆ. ಮೊನ್ನೆ ಫೋನಿನಲ್ಲಿ ಹಳೆಯ ಫೋಟೋಗಳನ್ನು ಅಳಿಸುವಾಗ ಆ ಸೀರೆಯದೇ ಒಂದು ಸಿಕ್ಕಿತು. ಗಿರಾಕಿಗೆ ಕಳಿಸಲು ತೆಗೆದದ್ದು. ಅದರಲ್ಲಿ ಬಟ್ಟೆ ಸುತ್ತಿರುವುದು ಎಡಗೈಯ ಹೆಬ್ಬೆರಳಿಗೆ. ಸೀರೆಯೂ ನವಿಲುಬಣ್ಣದ್ದಲ್ಲ, ಕಡುಹಸಿರು.

ಆದ್ದರಿಂದ ಇದನ್ನು ಬರೆಯುವಾಗ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಆ ಚಳಿಗಾಲದಲ್ಲಿ ನಾನೊಂದು ನೋಟ್‌ಬುಕ್ ಇಟ್ಟಿದ್ದೆ. ಅದರಲ್ಲಿ ಇರುವುದನ್ನು ಇದ್ದ ಹಾಗೆ ನಂಬುತ್ತೇನೆ. ಮಿಕ್ಕದ್ದು ನೆನಪು. ಮಾತುಕತೆಗಳೆಲ್ಲ ನೆನಪೇ.

ಉದಯಗಿರಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಕೆಲಸದ ಜಾಗ. ಪಕ್ಕದ ಮನೆಯ ಹುಡುಗಿ ಅದೇ ಕೋಣೆಯಲ್ಲಿ ಮೆಷಿನ್ ಇಟ್ಟುಕೊಂಡು ಸೀರೆಗಳಿಗೆ ಫಾಲ್ಸ್ ಹೊಲಿಯುತ್ತಾಳೆ. ಹುಡುಗಿ ಎಂದರೂ ಎರಡು ಮಕ್ಕಳ ತಾಯಿ. ನಾನು ಸೆರಗಿಗೆ ಕುಚ್ಚು ಕಟ್ಟುತ್ತೇನೆ. ಹುರಿ ಇಲ್ಲದ ರೇಷ್ಮೆ ದಾರವನ್ನು ಹತ್ತಾರು ಎಳೆ ಸೇರಿಸಿ ಸುತ್ತಿಕೊಂಡು, ಸೆರಗಿನ ಅಂಚಿಗೆ ಪೋಣಿಸಿ, ಮಡಿಸಿ, ಕುಚ್ಚಿನ ಕತ್ತಿಗೆ ಬಿಗಿಯಾಗಿ ಸುತ್ತು ಹಾಕಿ, ತುದಿಯನ್ನು ಸಮನಾಗಿ ಕತ್ತರಿಸಬೇಕು. ಕೊನೆಗೆ ಕೆಟಲ್ಲಿನ ಹಬೆಗೆ ಹಿಡಿದು ಬೆರಳಿನಲ್ಲಿ ಮೇಲಿನಿಂದ ಕೆಳಗೆ ನೀವಬೇಕು. ಆಗ ಎಳೆಗಳು ನೇರವಾಗಿ ಬೀಳುತ್ತವೆ, ಕುಚ್ಚಿಗೆ ಹೊಳಪು ಬರುತ್ತದೆ. ಬೆರಳಿನಲ್ಲಿ ಒಂದು ಸಿಪ್ಪೆ ಎದ್ದಿದ್ದರೂ ಹುರಿ ಇಲ್ಲದ ದಾರ ಅದಕ್ಕೆ ತೊಡರಿಕೊಳ್ಳುತ್ತದೆ. ಎಳೆದರೆ ದಾರವೂ ಹಾಳು, ಬೆರಳೂ ಹಾಳು.

ನನಗೆ ಎದ್ದದ್ದು ಒಂದು ಸಿಪ್ಪೆಯಲ್ಲ. ಎರಡೂ ಅಂಗೈ ಕೆಂಪಾಗಿ ದಪ್ಪಗಟ್ಟಿದವು. ಗೆಣ್ಣುಗಳಲ್ಲಿ ಬಿರುಕು ಬಿಟ್ಟಿತು. ಚರ್ಮದ ಡಾಕ್ಟರು ಬೆಳಕಿಗೆ ಹಿಡಿದು ನೋಡಿ ಸೋರಿಯಾಸಿಸ್ ಎಂದರು.

“ಅಂಟುರೋಗ ಅಲ್ಲ, ಅದನ್ನ ಮೊದಲು ತಲೇಲಿಟ್ಕೊಳ್ಳಿ. ಪೂರ್ತಿ ಹೋಗುತ್ತೆ ಅಂತ ನಾನು ಹೇಳಲ್ಲ. ಬರುತ್ತೆ, ಇಳಿಯುತ್ತೆ, ಮತ್ತೆ ಬರುತ್ತೆ. ಈ ಮುಲಾಮು ನಾನು ಹೇಳಿದಷ್ಟು ದಿನ ಮಾತ್ರ. ಸೋಪು ನೀರಲ್ಲಿ ಕೈ ಇಡ್ಬೇಡಿ. ಚರ್ಮ ಯಾವಾಗ್ಲೂ ಜಿಡ್ಡಾಗಿರ್ಲಿ.”

“ಮೇಡಂ, ನಾನು ರೇಷ್ಮೆ ಮುಟ್ಟೋಳು. ಜಿಡ್ಡು ಕೈ ಆಗಲ್ಲ.”

“ಮತ್ತೆ ಕೆಲಸ ಬಿಡ್ತೀರಾ?”

ಅದಕ್ಕೆ ನಾನು ಏನು ಹೇಳಿದೆ ನೆನಪಿಲ್ಲ. ಬಿಡುವ ಹಾಗಿರಲಿಲ್ಲ, ಅಷ್ಟು ಮಾತ್ರ ಗೊತ್ತು. ಹದಿನಾರು ವರ್ಷದಿಂದ ಕೈಗೆ ಬಂದಿದ್ದ ವಿದ್ಯೆ ಅದೊಂದೇ. ಮನೆ ನಡೆಯುತ್ತಿದ್ದದ್ದೂ ಅದರಿಂದಲೇ. ಊಟದಲ್ಲಿ ಏನು ಬಿಡಬೇಕು ಎಂದು ಕೇಳಿದೆ. ಎಲ್ಲರಿಗೂ ಹೊಂದುವ ಪಟ್ಟಿ ಇಲ್ಲ ಎಂದರು. “ನಿಮಗೇ ಯಾವುದರ ಮೇಲಾದ್ರೂ ಅನುಮಾನ ಇದ್ರೆ ಬಿಟ್ಟು ನೋಡಿ. ಆದ್ರೆ ಒಂದ್ಸಲಕ್ಕೆ ಒಂದೇ. ಬರೆದಿಡಿ. ಇಲ್ಲಾಂದ್ರೆ ಯಾವುದ್ರಿಂದ ಏನಾಯ್ತು ಅಂತ ಗೊತ್ತಾಗಲ್ಲ.”

ನೋಟ್‌ಬುಕ್ ಕೊಂಡದ್ದು ಹಾಗೆ. ಮೊದಲ ಪುಟದಲ್ಲಿ ಗೆರೆ ಎಳೆದು ಮೂರು ಅಂಕಣ ಮಾಡಿದ್ದೇನೆ. ತಿಂದದ್ದು, ಹಚ್ಚಿದ್ದು, ಕೈ ಹೇಗಿದೆ. ಅಕ್ಷರ ಬಹಳ ದುಂಡಗಿದೆ. ಒಂದೇ ವಾರಕ್ಕೆ ಆ ಶಿಸ್ತು ಕೆಟ್ಟಿತು. ಇಲವಾಲದಿಂದ ಅವ್ವ ಬಂದಳು.

ಅವ್ವ ಬಸ್ಸಿಳಿದು ಚೀಲ ಕೆಳಗಿಡುವ ಮೊದಲೇ ನನ್ನ ಕೈ ಹಿಡಿದು ತಿರುಗಿಸಿದಳು.

“ಅವರೆಕಾಯಿ ತಿಂತಿದ್ದೀಯಾ?”

“ಸೀಸನ್ನು, ತಿನ್ನದೇ ಇರ್ತೀನಾ?”

“ಅದೇ ಮತ್ತೆ! ನಂಜು ಕಣವ್ವ ಅದು. ಅವರೆ, ಬದ್ನೆಕಾಯಿ, ಕಳ್ಳೆಕಾಯಿ ಬೀಜ, ಒಣಮೀನು, ಅಷ್ಟೂ ನಂಜು. ಬುಟ್ಬುಡು ಎಲ್ಲಾನೂವೆ.”

ಮೆಷಿನ್ ನಿಲ್ಲಿಸಿ ಪಕ್ಕದ ಮನೆಯವಳು ಬಾಯಿ ಹಾಕಿದಳು. “ಒಣಮೀನು ಏನೂ ಮಾಡಲ್ಲ ಅಜ್ಜಿ. ಮೊಸರು, ಹುಣಸೆಹುಳಿ, ಅದು ಬಿಡ್ಬೇಕು ಅಕ್ಕ. ನಮ್ ಚಿಕ್ಕಮ್ಮಂಗೆ ಹಿಂಗೇ ಆಗಿತ್ತು.”

“ನೀನೇನ್ ಡಾಕ್ಟ್ರಾ?”

“ನೀವಾ?”

“ನಾನು ಏಳು ಎತ್ತೋಳು ಕಣೇ.”

“ಹೆತ್ತಿದ್ದಕ್ಕೂ ಬದ್ನೆಕಾಯಿಗೂ ಏನ್ ಸಂಬಂಧ ಅಜ್ಜಿ?”

ಇಬ್ಬರನ್ನೂ ಸಮಾಧಾನಪಡಿಸಲು ನಾನು ಇಬ್ಬರ ಪಟ್ಟಿಯನ್ನೂ ಒಪ್ಪಿಕೊಂಡೆ. ಒಂದೇ ದಿನ ಆರು ಬಿಟ್ಟೆ. ಉಳಿದದ್ದು ಮುದ್ದೆ, ಹೆಸರುಬೇಳೆ ಸಾರು, ಸೋರೆಕಾಯಿ. ನೋಟ್‌ಬುಕ್ಕಿನಲ್ಲಿ ಆ ದಿನದ ಮುಂದೆ “ಇನ್ನು ಶಿಸ್ತು” ಎಂದು ಬರೆದು ಅಡಿಗೆರೆ ಎಳೆದಿದ್ದೇನೆ. ಶಿಸ್ತು ತಪ್ಪಿದ್ದೇ ಅವತ್ತು.

ಇನ್ನೊಂದು ತಪ್ಪೂ ಆ ಪುಟದಲ್ಲೇ ಇದೆ. ಅದು ಆಗ ಕಾಣಲಿಲ್ಲ. ಅವರೆ ಕಾಲದಲ್ಲಿ ನಮ್ಮ ಬೀದಿಯ ಹೆಂಗಸರೆಲ್ಲ ಮಧ್ಯಾಹ್ನ ಒಂದು ಜಗಲಿಯಲ್ಲಿ ಸೇರಿ, ನೆನೆಸಿದ ಕಾಳನ್ನು ಟಬ್ಬಿನಲ್ಲಿಟ್ಟುಕೊಂಡು ಒಂದೊಂದನ್ನೇ ಹಿದುಕುತ್ತಾರೆ. ಬೆರಳ ತುದಿಯಲ್ಲಿ ಒತ್ತಿದರೆ ಬೇಳೆ ಚಂಗನೆ ಹಾರುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಗಂಟೆಗಟ್ಟಲೆ ಕೈ ನೀರಿನಲ್ಲೇ. ನಾನು ಅವರೆ ತಿನ್ನುವುದನ್ನು ಬಿಟ್ಟದ್ದರಿಂದ ಹಿದುಕಲು ಹೋಗುವುದನ್ನೂ ಬಿಟ್ಟೆ. ಬಿಟ್ಟದ್ದು ಎರಡು, ಬರೆದದ್ದು ಒಂದು. ಹತ್ತು ದಿನಕ್ಕೆ ಬೆರಳ ತುದಿಗಳು ತುಸು ಮೆತ್ತಗಾದವು. ನಾನು “ಅವರೆಯೇ ನಂಜು, ಖಂಡಿತ” ಎಂದು ಬರೆದೆ. ಹೊಟ್ಟೆಗೆ ಹೋಗದ್ದರಿಂದ ಗುಣವಾಯಿತೋ, ಬೆರಳು ನೆನೆಯದ್ದರಿಂದ ಗುಣವಾಯಿತೋ ಎಂಬ ಪ್ರಶ್ನೆ ತಲೆಗೆ ಬಂದದ್ದು ಬಹಳ ಆಮೇಲೆ. ಆ “ಖಂಡಿತ”ವನ್ನು ಈಗ ಓದಲು ನಾಚಿಕೆಯಾಗುತ್ತದೆ. ಹೊಡೆದುಹಾಕಿಲ್ಲ.

ಆ ಸ್ವಲ್ಪ ಗುಣದ ಧೈರ್ಯದಲ್ಲೇ ಕೆನೆಬಣ್ಣದ ಸೀರೆಯನ್ನು ಒಪ್ಪಿಕೊಂಡೆ.

ತಂದವರು ಮದುಮಗಳ ತಾಯಿ. ಚರ್ಚಿನಲ್ಲಿ ಮದುವೆ, ಕ್ರಿಸ್‌ಮಸ್ ಕಳೆದ ಮೇಲೆ, ಜನವರಿಯಲ್ಲಿ. ತೆಳುವಾದ ಬೆಳ್ಳಿಜರಿಯ ಕೆನೆಬಣ್ಣದ ರೇಷ್ಮೆ. ಅದೇ ಬಣ್ಣದ ಕುಚ್ಚು, ಒಂದೊಂದರ ಕತ್ತಿನಲ್ಲೂ ಸಣ್ಣ ಮುತ್ತು. ಸೀರೆಯನ್ನು ಅವರು ನನ್ನ ಕೈಗೆ ಕೊಡುವಾಗ ಬೆರಳುಗಳನ್ನು ನೋಡಿದರು.

“ಕೈಗೇನಾಯ್ತ್ರೀ?”

“ಒಗ್ಗರಣೆ ಎಣ್ಣೆ ಸಿಡೀತು ಮೇಡಂ.”

“ಅಯ್ಯೋ. ಹುಷಾರು.”

ಸುಳ್ಳು ಬಾಯಿಗೆ ತಾನಾಗಿ ಬಂತು. ಅದಕ್ಕೆ ಹಿಂದಿನ ತಿಂಗಳು ಒಬ್ಬ ಗಿರಾಕಿ ಅರ್ಧ ಕಟ್ಟಿದ ಸೀರೆಯನ್ನು ವಾಪಸ್ ತೆಗೆದುಕೊಂಡು ಹೋಗಿದ್ದರು. ಮನೆಯಲ್ಲಿ ಕೂಸಿದೆ, ಬೇಜಾರು ಮಾಡ್ಕೋಬೇಡಿ ಎಂದು, ಸೀರೆಯನ್ನು ಎರಡು ಬೆರಳಿನಲ್ಲಿ ಎತ್ತಿ ಕವರಿಗೆ ಹಾಕಿಕೊಂಡಿದ್ದರು. ಅದನ್ನು ಕೇಳಿ ಅವ್ವ ಅಂದದ್ದು ಇಷ್ಟು. “ನನ್ನ ಕಾಲ್ದಲ್ಲಿ ನಮ್ಗೆ ನೀರ್ನ ಮ್ಯಾಲಿಂದ ಹುಯ್ಯೋರು. ತಂಬಿಗೆ ಕೈಗ್ ತಗಲ್ದಂಗೆ. ಅವಾಗ ಕಾಯ್ಲೆ ಯಾವ್ದೂ ಇರ್ಲಿಲ್ಲ. ಈಗ ನೀನಾಗೇ ಒಂದು ಕಾರಣ ಎತ್ಕೊಡ್ಬೇಡ. ಯಾರ್ಗೂ ಏಳ್ಬೇಡ.” ಗೋಡೆಯ ಮೇಲಿನ ಬುದ್ಧನ ಪಟದ ಧೂಳು ಒರೆಸುತ್ತಾ ಹೇಳಿದಳು, ಅಥವಾ ನಾನೇ ಆ ಪಟವನ್ನು ಆ ಮಾತಿನ ಹಿಂದೆ ತೂಗುಹಾಕಿಕೊಂಡಿದ್ದೇನೆ.

ಆದ್ದರಿಂದ ಕೈ ಬೇಗ ಗುಣವಾಗಬೇಕಿತ್ತು, ಯಾರಿಗೂ ತಿಳಿಯದೆ. ಮುಲಾಮಿನ ದಿನಗಳು ಮುಗಿದಿದ್ದವು. ಜಿಡ್ಡು ಹಚ್ಚಿದರೆ ರೇಷ್ಮೆಯ ಮೇಲೆ ಎಣ್ಣೆಕಲೆ. ಹಚ್ಚದಿದ್ದರೆ ಬಿರುಕು. ಅವ್ವ ಹಸಿ ಅರಿಶಿನದ ಕೊಂಬು ಮತ್ತು ಬೇವಿನ ಸೊಪ್ಪನ್ನು ಒಳಕಲ್ಲಿನಲ್ಲಿ ಅರೆದಳು. “ಇದ್ರಲ್ಲಿ ಜಿಡ್ಡಿಲ್ಲ. ಬೆಳಗ್ಗೆ ಅಚ್ಕೊ, ಒಣಗಿದ್ಮ್ಯಾಲೆ ತೊಳ್ಕೊಂಡು ಕೆಲ್ಸಕ್ಕೆ ಕೂತ್ಕೊ.” ಹಚ್ಚಿದರೆ ತಂಪಾಗುತ್ತಿತ್ತು. ತೊಳೆದ ಮೇಲೆ ಕೈ ಹಳದಿಯಾಗಿ ಕಾಣುತ್ತಿತ್ತು, ಆದರೆ ಬಿಳಿ ಬಟ್ಟೆಗೆ ಒರೆಸಿ ನೋಡಿದರೆ ಏನೂ ಅಂಟುತ್ತಿರಲಿಲ್ಲ. ದಿನವೂ ಒರೆಸಿ ನೋಡಿದ್ದೇನೆ, ಬರೆದಿದ್ದೇನೆ. ಒಣಗಿದ ಕೈಯನ್ನು ಒರೆಸಿ ನೋಡಿದ್ದೆ. ಒದ್ದೆಯಾದರೆ ಏನಾಗುತ್ತದೆ ಎಂದು ಯೋಚಿಸಲಿಲ್ಲ.

ಕುಚ್ಚು ಎಲ್ಲ ಕಟ್ಟಿ ಮುಗಿಯಿತು. ಮದುವೆಗೆ ಇನ್ನು ಒಂಬತ್ತು ದಿನ. ಬೆಳಗ್ಗೆ ಹನ್ನೊಂದರ ಹೊತ್ತಿಗೆ ಕೆಟಲ್ ಹಾಕಿ, ಸೆರಗನ್ನು ಸ್ಟ್ಯಾಂಡಿಗೆ ಇಳಿಬಿಟ್ಟು, ಹಬೆಗೆ ಹಿಡಿದು ನೀವತೊಡಗಿದೆ. ಎಂಟೋ ಹತ್ತೋ ಕುಚ್ಚು ಮುಗಿದಾಗ ಬೆರಳುಗಳು ಬೆವೆತಂತೆ ಒದ್ದೆಯಾದವು. ಬಿರುಕುಗಳೊಳಗೆ ಕೂತಿದ್ದ ಅರಿಶಿನ ಹಬೆಗೆ ಕರಗಿ ಹೊರಬಂದಿತ್ತು. ಮೂರು ಕುಚ್ಚು ಹಳದಿ. ಅವುಗಳ ಮೇಲೆ ಸೆರಗಿನಲ್ಲೇ, ಹಿಡಿದ ಜಾಗದಲ್ಲಿ, ಹೆಬ್ಬೆರಳಿನಗಲ ಹಳದಿ.

ಕುಚ್ಚು ಬಿಚ್ಚಿ ಬೇರೆ ಕಟ್ಟಬಹುದು. ಸೆರಗನ್ನು?

ಬಚ್ಚಲಿಗೆ ಓಡಿ ಬಟ್ಟೆ ಸೋಪನ್ನು ಹತ್ತಿಗೆ ತೇಯ್ದು ತಂದು ಒತ್ತಿದೆ. ನನ್ನ ಕಣ್ಣೆದುರೇ ಹಳದಿ ಕಡುಗೆಂಪಾಯಿತು. ಕೆನೆಬಣ್ಣದ ರೇಷ್ಮೆಯ ಮೇಲೆ ರಕ್ತ ಒರೆಸಿದ ಹಾಗೆ.

“ಅಕ್ಕಾ, ಆರತಿ ನೀರು!” ಎಂದಳು ಪಕ್ಕದ ಮನೆಯವಳು. ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುವುದನ್ನು ನಮ್ಮ ಬೀದಿಯ ಮಗುವೂ ನೋಡಿದೆ. ನಾನೇ ಎಷ್ಟು ಹಸೆಗಳ ಮುಂದೆ ಆ ತಟ್ಟೆ ಹಿಡಿದು ನಿಂತಿಲ್ಲ! ಸೋಪಿನಲ್ಲೂ ಸುಣ್ಣದಂಥದ್ದೇ ಕ್ಷಾರವಿದೆ ಎಂದು ಹೊಳೆಯಲಿಲ್ಲ. ಗೊತ್ತಿದ್ದ ಸಂಗತಿ ಬೇಕಾದಾಗ ಕೈಗೆ ಬರಲಿಲ್ಲ.

ಉಪಾಯ ಹೇಳಿದವಳೂ ಪಕ್ಕದ ಮನೆಯವಳೇ. “ಅದರ ಮೇಲೆ ಮುತ್ತಿನ ಹೂವು ಹೊಲಿದುಬಿಡಿ ಅಕ್ಕ. ಆ ಕಡೆ ಒಂದು, ಈ ಕಡೆ ಒಂದು, ಮಧ್ಯ ಒಂದು. ಡಿಸೈನು ಅಂದ್ಕೋತಾರೆ. ಖುಷಿನೂ ಪಡ್ತಾರೆ.”

“ಅಂಗೇ ಮಾಡು,” ಎಂದಳು ಅವ್ವ.

ಮಾಡಬಹುದಿತ್ತು. ಮುತ್ತು ಉಳಿದಿತ್ತು, ಸಮಯವೂ ಇತ್ತು. ಸೂಜಿಗೆ ದಾರ ಕೂಡ ಪೋಣಿಸಿದೆ. ಆಮೇಲೆ ಸೂಜಿಯನ್ನು ದಿಂಬಿಗೆ ಚುಚ್ಚಿ ಮದುಮಗಳ ತಾಯಿಗೆ ಫೋನ್ ಮಾಡಿದೆ. ಯಾಕೆ ಎಂದು ನೋಟ್‌ಬುಕ್ಕಿನಲ್ಲಿಲ್ಲ. ಪ್ರಾಮಾಣಿಕತೆ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ, ಆದರೆ ನಿಜವಾಗಿ ದಣಿವು ಇದ್ದಿರಬೇಕು. ಬಂದವರ ಮುಂದೆ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಎರಡು ತಿಂಗಳು ಮಾತಾಡಿದ್ದೆ. ಸೆರಗಿನಡಿ ಕೈ, ಹೂವಿನಡಿ ಕಲೆ; ಇನ್ನೊಂದು ಮುಚ್ಚಿಡುವ ಶಕ್ತಿ ಇರಲಿಲ್ಲ. ಅವ್ವ ಎದ್ದು ಅಡುಗೆಮನೆಗೆ ಹೋದಳು. ಪಾತ್ರೆಗಳ ಸದ್ದು ಜೋರಾಯಿತು.

ಅವರು ಆಟೋದಲ್ಲಿ ಬಂದರು. ಚಪ್ಪಲಿ ಬಿಡುತ್ತಲೇ “ಎಲ್ಲಿ?” ಎಂದರು. ನೋಡಿದರು.

“ದೇವ್ರೇ. ಏನ್ರೀ ಇದು, ಕೆಂಪಾಗಿದೆಯಲ್ರೀ!”

ನಾನು ಎಲ್ಲ ಹೇಳಿದೆ, ಎರಡೂ ಕೈ ಮುಂದೆ ಚಾಚಿ.

“ಅಂಟುತ್ತಾ?”

“ಇಲ್ಲ.”

“ಡಾಕ್ಟರು ಹೇಳಿದ್ರಾ, ನೀವೇ ಹೇಳ್ತಿದ್ದೀರಾ?”

ಚೀಟಿ ತಂದು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. “ಅವತ್ತು ಎಣ್ಣೆ ಸಿಡೀತು ಅಂದ್ರಲ್ಲ, ಅವತ್ತೇ ಅಂದ್ಕೊಂಡೆ ಕಣ್ರೀ. ಎರಡೂ ಅಂಗೈಗೆ ಸರಿಸಮನಾಗಿ ಸಿಡಿಯೋ ಎಣ್ಣೆ ಎಲ್ಲಿ ಸಿಗುತ್ತೆ?”

ನಗಬೇಕೋ ಬೇಡವೋ ತಿಳಿಯಲಿಲ್ಲ. ಅವರೇನೂ ನಗಲಿಲ್ಲ. “ಈಗ ಇದನ್ನ ಹೆಂಗೆ ತೆಗೀತೀರಿ? ಒಂಬತ್ತು ದಿನಕ್ಕೆ ಇನ್ನೊಂದು ಸೀರೆ ಅಂತ ನಾನು ಮಗಳಿಗೆ ಹೇಳಲಾರೆ.”

ಉತ್ತರ ಅಡುಗೆಮನೆಯಿಂದ ಬಂತು. ಅವ್ವ ಬಾಗಿಲಲ್ಲಿ ನಿಂತು, ನನ್ನನ್ನು ನೋಡದೆ ಅವರಿಗೇ ಹೇಳಿದಳು. “ಅರಿಶ್ಣದ ಕಲೆ ಬಿಸ್ಲಿಗೆ ನಿಲ್ಲಾಕಿಲ್ಲ ಕಣವ್ವ. ಮದ್ವೆ ಅರಿಶ್ಣದ ಬಟ್ಟೇನ ನಾವು ಬಿಸ್ಲಿಗೇ ಆಕೋದು. ಮೊದ್ಲು ನಿಂಬೆಹುಳಿ ಮುಟ್ಸಿ ಕೆಂಪು ಇಳಿಸ್ಬೇಕು.”

“ರೇಷ್ಮೆಗೆ ಬಿಸಿಲು ಆಗುತ್ತಾ ಅಮ್ಮ?”

“ಅದು ನಂಗೊತ್ತಿಲ್ಲ. ನಾವ್ ರೇಷ್ಮೆ ಉಟ್ಟೋರಲ್ಲ.”

ರವಿಕೆ ಹೊಲಿಯುವಾಗ ಉಳಿದ ಅದೇ ರೇಷ್ಮೆಯ ಒಂದು ಪಟ್ಟಿಯನ್ನು ಮದುಮಗಳ ತಾಯಿ ಸಂಜೆ ಟೈಲರ್ ಹತ್ತಿರದಿಂದ ತಂದುಕೊಟ್ಟರು. ಅದರ ಮೇಲೆ ಬೇಕೆಂದೇ ಅರಿಶಿನ, ಅದರ ಮೇಲೆ ಸೋಪು. ಮಾರನೆಯ ದಿನ ಒಂದು ಲೋಟ ನೀರಿಗೆ ಕೆಲವೇ ಹನಿ ನಿಂಬೆರಸ ಹಾಕಿ ಹತ್ತಿಯಲ್ಲಿ ಮುಟ್ಟಿಸಿದಾಗ ಕೆಂಪು ತಟ್ಟನೆ ಹಳದಿಗೆ ಮರಳಿತು. ಬರೀ ನೀರಿನಲ್ಲಿ ಹುಳಿ ತೆಗೆದು ತಾರಸಿಯ ಬಿಸಿಲಿಗೆ ಇಟ್ಟೆವು. ಮಧ್ಯಾಹ್ನದೊಳಗೆ ಹಳದಿ ಅರ್ಧಕ್ಕೆ ಇಳಿದಿತ್ತು. ಪಟ್ಟಿಯ ಹೊಳಪು ಕೆಟ್ಟಿರಲಿಲ್ಲ.

ಆಮೇಲೆ ಸೀರೆಗೂ ಹಾಗೆಯೇ. ಹಳೆಯ ಬಿಳಿ ಪಂಚೆಯಲ್ಲಿ ಕಲೆಯಷ್ಟಗಲ ಕಿಂಡಿ ಕತ್ತರಿಸಿ, ಸೆರಗಿನ ಮೇಲೆ ಹೊದಿಸಿ, ಕಲೆ ಮಾತ್ರ ಬಿಸಿಲಿಗೆ ಬೀಳುವಂತೆ ಮಾಡಿದೆ. ಗಾಳಿಗೆ ಸರಿಯದಂತೆ ಸುತ್ತಲೂ ಸಡಿಲ ಹೊಲಿಗೆಯ ಟಾಕು ಹಾಕಿದೆ. ಅರ್ಧ ಗಂಟೆಗೊಮ್ಮೆ ತೇವ ಮಾಡಿದೆ. ಮೊದಲ ದಿನ ಚಾಮುಂಡಿ ಬೆಟ್ಟದ ಕಡೆಯಿಂದ ಮೋಡ ಬಂದು ಎರಡು ಗಂಟೆ ಹಾಳಾಯಿತು. ಮದುಮಗಳ ತಾಯಿ ಮೂರು ದಿನವೂ ಹನ್ನೊಂದಕ್ಕೆ ಬರುತ್ತಿದ್ದರು. ನನ್ನ ಮೇಲೆ ನಂಬಿಕೆ ಇರಲಿಲ್ಲ ಎಂದೇ ಇಟ್ಟುಕೊಳ್ಳೋಣ. ತಾರಸಿಯ ಮೇಲೆ ಅವ್ವನ ಪಕ್ಕ ಚಾಪೆಯಲ್ಲಿ ಕೂತು ಕಲೆಯನ್ನು ಕಾಯುತ್ತಿದ್ದರು. ಅವ್ವ ಕೊಟ್ಟ ನೀರನ್ನು ಕುಡಿದರು. ಅವ್ವ ಅದನ್ನು ಗಮನಿಸಿದ್ದನ್ನು ನಾನು ಗಮನಿಸಿದೆ. ಇಬ್ಬರೂ ಮಾತಾಡುತ್ತಿದ್ದದ್ದು ಮಾತ್ರ ಬೇರೆಯೇ, ಮದುವೆಯೂಟಕ್ಕೆ ಹಂದಿಮಾಂಸಕ್ಕೆ ಎಷ್ಟು ಮೆಣಸು ಹಾಕಬೇಕು ಎಂಬ ವಿಷಯ. ಅದೂ ನಂಜೇ ಎಂದು ಅವ್ವ. “ನಿಮ್ಮ ಪಟ್ಟಿ ನೋಡಿದ್ರೆ ಉಪವಾಸ ಒಂದೇ ನಂಜಲ್ಲ ಕಣಮ್ಮ,” ಎಂದು ಅವರು.

ಮೂರನೆಯ ದಿನ ಟಾಕು ಬಿಚ್ಚಿದಾಗ ಕಲೆ ಕಾಣಲಿಲ್ಲ. ಸೆರಗನ್ನು ಬೆಳಕಿಗೆ ಹಿಡಿದೆ, ನೆರಳಿಗೆ ಹಿಡಿದೆ. ಅವರೂ ಹಿಡಿದರು. ಕುಚ್ಚು ಮುಗಿಸಲು ಬೇರೆಯವರ ಹತ್ತಿರ ಕೊಡುತ್ತಾರೆ ಎಂದುಕೊಂಡಿದ್ದೆ.

“ನೀವೇ ಮುಗಿಸಿ. ಈಗ ಹೊಸಬರನ್ನ ಎಲ್ಲಿ ಹುಡುಕ್ಲಿ? ಆದ್ರೆ ಇನ್ನೊಂದ್ಸಲ ಆ ಅರಿಶಿನ ಮುಟ್ಟಿದ್ರೆ ನೋಡಿ!”

ಅವತ್ತು ಮಧ್ಯಾಹ್ನ ನಾನು ನಿದ್ದೆ ಮಾಡಿದೆ. ಎರಡು ತಿಂಗಳಿಂದ ಹಾಗೆ ಮಾಡಿರಲಿಲ್ಲ.

ಮೂರು ಕುಚ್ಚು ಬಿಚ್ಚಿ ಬೇರೆ ಕಟ್ಟಲು ಈ ಸಲ ಕೈಯನ್ನು ಬೇರೆ ರೀತಿ ಸಿದ್ಧ ಮಾಡಿದೆ. ಕೆಲಸ ಮುಗಿದ ಮೇಲೆ ಕೊಬ್ಬರಿ ಎಣ್ಣೆ ದಪ್ಪಗೆ ಹಚ್ಚಿ ಹತ್ತಿಯ ಗ್ಲೌಸ್ ಹಾಕಿಕೊಂಡೇ ಮಲಗುವುದು. ಬೆಳಗ್ಗೆ ಸೋಪಿಲ್ಲದೆ ಕಡಲೆಹಿಟ್ಟಿನಲ್ಲಿ ಜಿಡ್ಡು ತೆಗೆದು ಒತ್ತಿ ಒರೆಸುವುದು. ಆಮೇಲೆ ಬಿರುಕಿರುವ ಬೆರಳಿಗೆ ಆಸ್ಪತ್ರೆಯಲ್ಲಿ ಬಳಸುವ ಕಾಗದದ ಟೇಪು. ಆ ಕಾಗದದ ಮೇಲೆ ರೇಷ್ಮೆ ಜಾರುತ್ತದೆ ಎಂದು ಕಂಡುಕೊಂಡದ್ದು ಪಕ್ಕದ ಮನೆಯವಳು, ತಮಾಷೆಗೆ ಎಳೆದು ನೋಡುವಾಗ. ಹಬೆ ಹಿಡಿಯುವ ಕೆಲಸವನ್ನು ಅವಳಿಗೇ ಬಿಟ್ಟೆ. ಸೀರೆ ಮದುವೆಗೆ ನಾಲ್ಕು ದಿನ ಮೊದಲೇ ಹೋಯಿತು. ಮದುಮಗಳು ಚರ್ಚಿನ ಮೆಟ್ಟಿಲಲ್ಲಿ ನಿಂತ ಫೋಟೋ ಫೋನಿಗೆ ಬಂತು. ದೊಡ್ಡದು ಮಾಡಿ ಮಾಡಿ ಸೆರಗನ್ನೇ ನೋಡಿದೆ. ಅವಳ ಮುಖ ಹೇಗಿತ್ತೆಂದು ಕೇಳಿದರೆ ಹೇಳಲಾರೆ.

ಆವತ್ತಿನಿಂದ ಹೊಸ ಗಿರಾಕಿ ಬಂದರೆ ಮೊದಲೇ ಕೈ ತೋರಿಸುತ್ತೇನೆ. ಇದು ಇಂಥದ್ದು, ಅಂಟುವುದಿಲ್ಲ, ಬೇಡವೆಂದರೆ ಬೇಜಾರಿಲ್ಲ. ಕೆಲವರು ಸೀರೆ ಎತ್ತಿಕೊಂಡು ಹೋಗಿದ್ದಾರೆ, ಬೇಜಾರೂ ಆಗಿದೆ. ಉಳಿದವರ ಸೀರೆಗಳೇ ಈಗ ಕೋಣೆಯ ತುಂಬ ಇವೆ. ಕೈ ಬೇಸಿಗೆಯ ಹೊತ್ತಿಗೆ ಇಳಿಯಿತು. ಪೂರ್ತಿಯಲ್ಲ. ಎಡಗೈಯ ಬುಡದಲ್ಲಿ ಎಂಟಾಣೆಯಗಲ ಈಗಲೂ ಇದೆ. ಆದರೆ ಮುಷ್ಟಿ ಕಟ್ಟಿದರೆ ನೋಯುವುದಿಲ್ಲ. ಅದು ಎಷ್ಟು ದೊಡ್ಡ ಮಾತೆಂದು ಕಟ್ಟಲಾಗದೆ ಇದ್ದವರಿಗೆ ಗೊತ್ತು.

ಡಾಕ್ಟರಿಗೆ ನೋಟ್‌ಬುಕ್ ಕೊಟ್ಟೆ. ಅವರು ತಿರುವಿ ತಿರುವಿ ನಕ್ಕರು. “ಒಂದ್ಸಲಕ್ಕೆ ಒಂದೇ ಅಂದಿದ್ದೆ. ಇದ್ರಲ್ಲಿ ಅಂಥ ಒಂದು ಪುಟ ತೋರಿಸಿ ನೋಡೋಣ.” ತೋರಿಸಲು ಇರಲಿಲ್ಲ. ಅವರೆ ಬಿಟ್ಟ ವಾರದಲ್ಲೇ ಮುಲಾಮಿನ ಕೊನೆಯ ದಿನಗಳಿವೆ. ಎಣ್ಣೆ, ಗ್ಲೌಸ್ ಶುರುವಾದಾಗಲೇ ಸೋಪು ನಿಂತಿದೆ, ಸುಳ್ಳೂ ನಿಂತಿದೆ, ಚಳಿಯೂ ಮುಗಿಯುತ್ತ ಬಂದಿದೆ. ಮತ್ತೆ ಅವರೆ ತಿಂದು ನೋಡಿದೆನೇ ಎಂದು ಅವರು ಕೇಳಿದರು. ಒಂದು ಸಲ, ಬೇರೆಯವರು ಹಿದುಕಿಕೊಟ್ಟದ್ದನ್ನು ತಿಂದೆ. ಏನೂ ಆಗಲಿಲ್ಲ. ಹದಿನೈದು ದಿನದ ಮೇಲೆ, ಪಟ್ಟಿಯಲ್ಲಿದ್ದದ್ದು ಏನೂ ತಿನ್ನದೆ, ಏನೂ ಮುಟ್ಟದೆ, ಸ್ವಲ್ಪ ಕೆಂಪೆದ್ದು ತಾನಾಗಿ ಇಳಿಯಿತು.

ಯಾವುದರಿಂದ ಕೈ ಸುಧಾರಿಸಿತು ಎಂದು ನನಗೆ ಗೊತ್ತಿಲ್ಲ. ಮುಂದಿನ ಚಳಿಗೆ ಬರುತ್ತದೋ, ಅದೂ ಗೊತ್ತಿಲ್ಲ.